ಮೂರು ದಿನದ ರಜೆ

ಫೈಲಿಗೆ ತೂತು ಹೊಡೆಯುತ್ತ ಕೂತಿದ್ದೆ, ರಾತ್ರಿ ಒಂಬತ್ತು.
ಮೇಜಿನ ತುಂಬ ಕಾಗದದ ಬಿಳಿ ಚುಕ್ಕಿಗಳು
ಯಾರೋ ಮಂಡಕ್ಕಿ ಚೆಲ್ಲಿ ಎದ್ದು ಹೋದ ಹಾಗೆ.

ಸಮಿತಿ ಬರುವುದು ಶುಕ್ರವಾರ.
ಏನು ಕಲಿಸಿದಿರಿ ಎಂಬುದಕ್ಕೊಂದು ಕೋಷ್ಟಕ,
ಕಲಿಸಿದ್ದು ತಲುಪಿತೇ ಎಂಬುದಕ್ಕೆ ಇನ್ನೊಂದು,
ತಲುಪದಿದ್ದರೆ ಏನು ಮಾಡಿದಿರಿ, ಅದಕ್ಕೆ ಮೂರನೆಯದು.
ಎಲ್ಲದರಲ್ಲೂ ಹೋದ ವರ್ಷದ ತಾರೀಖು.
ಶಾಯಿ ಮಾತ್ರ ಇನ್ನೂ ಬೆರಳಿಗೆ ಹತ್ತುತ್ತದೆ.

ತಾಂತ್ರಿಕ ಸಿಬ್ಬಂದಿ: ಹೆಸರು, ಹುದ್ದೆ, ವಿದ್ಯಾರ್ಹತೆ.
ಬುಡೇನ್ ಸಾಬ್.
ವರ್ಕ್‌ಶಾಪು, ಮೆಟೀರಿಯಲ್ ಲ್ಯಾಬು.
ವಿದ್ಯಾರ್ಹತೆ
ಕರ್ಸರು ಅಲ್ಲೇ ನಿಂತು ಕಣ್ಣು ಮಿಟುಕಿಸಿತು.

ಏಳನೇ ಕ್ಲಾಸು.
ಹತ್ತಿ ಗಿರಣಿಯಲ್ಲಿ ಹನ್ನೊಂದು ವರ್ಷ.
ಸೈರನ್ನು ನಿಂತ ವಾರವೇ ನಮ್ಮಲ್ಲಿಗೆ ಬಂದವರು,
ತಮ್ಮ ಸ್ಪ್ಯಾನರುಗಳನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು.
ಲೇಥಿನ ಮೈಮೇಲೆ ಅಂಗೈಯಿಟ್ಟು
"ಇವತ್ತು ಇದಕ್ಕೆ ಹುಷಾರಿಲ್ರಿ" ಎನ್ನುವವರು.
ನನ್ನ ಪಿಎಚ್‌ಡಿಯ ನಲವತ್ತು ತುಂಡು ಉಕ್ಕು
ತಿರುವಿಕೊಟ್ಟಿದ್ದು ಅವರೇ;
ಕೂದಲೆಳೆ ಹೆಚ್ಚಿಲ್ಲ, ಕೂದಲೆಳೆ ಕಮ್ಮಿಯಿಲ್ಲ.
ಪ್ರಬಂಧದ ಕೃತಜ್ಞತೆಯ ಪುಟದಲ್ಲಿ ಕುಲಪತಿಗಳಿದ್ದಾರೆ,
ನಮ್ಮ ಯಜಮಾನರ ಚಿಕ್ಕಪ್ಪನೂ ಇದ್ದಾರೆ.
ಬುಡೇನ್ ಸಾಬ್ ಅಲ್ಲಿ
'ಮತ್ತು ಇತರರು'.

"ಆ ಕಾಲಮ್ಮು ಖಾಲಿ ಬಿಟ್ರೆ ಮಾರ್ಕ್ಸ್ ಹೋಗುತ್ತೆ ಮೇಡಂ,"
ಎಂದರು ಎಚ್‌ಓಡಿ, "ಸಾಲನ್ನೇ ತೆಗೆದುಬಿಡಿ.
ಮೂರು ದಿನ ರಜಾ ಅಂತ ಹೇಳಿ."

ಹೇಳಿದವಳು ನಾನೇ.
ಅವರು ಯಾಕೆಂದು ಕೇಳಲಿಲ್ಲ.
ನೂಲಿನ ಉಂಡೆಯಲ್ಲಿ ಒಂದೊಂದೇ ಬೆರಳು ಒರೆಸಿಕೊಂಡು
ಬೀಗದಕೈ ಮೇಜಿನ ಮೇಲಿಟ್ಟರು.
"ಎಳೆಯೋ ಮಿಷನ್ನು ಹತ್ತು ನಿಮಿಷ ಮೊದ್ಲೇ ಆನ್ ಮಾಡ್ರಿ,
ಎಣ್ಣೆ ಬೆಚ್ಚಗಾಗ್ಲಿ. ಅವಸರ ಮಾಡಬ್ಯಾಡ್ರಿ."

ಸಮಿತಿ ಬಂತು. ಬೆಣ್ಣೆದೋಸೆ ತಿಂದಿತು.
ಒಬ್ಬರು ಸರಳು ಎಳೆಸಿ ನೋಡುತ್ತೇನೆಂದರು.
ಹತ್ತು ನಿಮಿಷ ಆಗಲೇ ಕಳೆದಿತ್ತು.
ಸರಳು ನಿಧಾನಕ್ಕೆ ಕುತ್ತಿಗೆ ಸಣ್ಣ ಮಾಡಿಕೊಂಡು
ಎಲ್ಲಿ ಮುರಿಯಬೇಕೋ ಅಲ್ಲೇ ಟಪ್ಪೆಂದಿತು.
"ಒಳ್ಳೆಯ ನಿರ್ವಹಣೆ. ಯಾರು ನೋಡಿಕೊಳ್ಳುತ್ತಾರೆ?"
ಎಚ್‌ಓಡಿ ನನ್ನ ಕಡೆ ಕೈ ತೋರಿಸಿದರು.
ನಾನು ನಕ್ಕೆ.
ಪ್ರತಿಯೊಂದಕ್ಕೂ ಪುರಾವೆ ಕೇಳಿದವರು
ಅದಕ್ಕೆ ಕೇಳಲಿಲ್ಲ.

ಎರಡು ತಿಂಗಳಿಗೆ ಪತ್ರ ಬಂತು, ಗೇಟಿಗೆ ಬ್ಯಾನರು ಬಂತು.
ಸಂಜೆ ನನ್ನ ಸ್ಕೂಟಿ ಮನೆ ಕಡೆ ಹೋಗದೆ
ಮಂಡಕ್ಕಿ ಭಟ್ಟಿಗಳ ಓಣಿಗೆ ಇಳಿಯಿತು.
ಹೊಗೆ, ಹೊಟ್ಟು, ಕಾದ ಮರಳಿನ ವಾಸನೆ.
ಕೆಟ್ಟ ಬ್ಲೋವರಿನ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದರು.
ಪಕ್ಕದಲ್ಲಿ ಮಸಿಮುಖದ ಹುಡುಗ:
"ಇಂಜಿನೇರ್ ಸಾಬ್, ಈ ನಟ್ಟು ಎಲ್ಲಿಂದು?"

ಪಾಸಾಯಿತು, ಎಂದೆ.
"ಎಷ್ಟು ವರ್ಷಕ್ಕೆ ಕೊಟ್ರು?"
ಮೂರು.
ಎಣ್ಣೆಗೈಯ ಬೆರಳು ಮಡಿಚಿ ಲೆಕ್ಕ ಹಾಕಿದರು.
"ಹಂಗಾರೆ ನಂಗೆ ಇನ್ನೊಂದ್ ಸಲ ರಜಾ ಐತಿ."

ನಕ್ಕರೋ, ಹೊಗೆಗೆ ಕಣ್ಣು ಕಿರಿದಾಯಿತೋ.
ಹುಡುಗ ಚಹಾ ತರಲು ಎದ್ದ. ಅವನ ಟಾರ್ಚು
ನನ್ನ ಕೈಗೆ ಬಂತು.
ಬೇರಿಂಗಿನ ಗೂಡಿಗೆ ಬೆಳಕು ಹಿಡಿದೆ.

"ಅಲುಗ್ತೈತಲ್ರಿ ಮೇಡಂ,
ಸ್ವಲ್ಪ ನೆಟ್ಟಗೆ ಹಿಡೀರಿ."