ಕಾಲರಿನ ನಂಬರು

ಗುದೈಬಿಯಾದ ಲಾಂಡ್ರಿಯಲ್ಲಿ ಹಗಲೆಲ್ಲ
ನಾನು ಕಾಲರಿನ ಒಳಗೆ ನಂಬರು ಬರೆಯುವವನು.
ಅಳಿಸದ ಶಾಯಿ, ನಾಲ್ಕಂಕಿ.
ಬ್ಯಾಂಕಿನವನ ಶರಟೂ ಮೇಸ್ತ್ರಿಯ ಶರಟೂ
ಒಂದೇ ಡ್ರಮ್ಮಿನಲ್ಲಿ ಸುತ್ತುತ್ತವೆ.
ಕಲೆ ಯಾರದೆಂದು ಸೋಪು ಕೇಳುವುದಿಲ್ಲ.

ರಾತ್ರಿ ಹನ್ನೊಂದರ ಮೇಲೆ, ಶಟರ್ ಎಳೆದು,
ಇಸ್ತ್ರಿ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು
ಇನ್ನೊಂದು ಕೆಲಸ. ಸಂಬಳವಿಲ್ಲದ್ದು.
ಊರು ಕಟ್ಟುವ ಆಟ ಅದು. ಆಡುವವರು
ತಾವು ಕಟ್ಟಿದ ಊರುಗಳನ್ನು ಕಳಿಸುತ್ತಾರೆ,
ಒಳಗೆ ಬಿಡಬೇಕೋ ಬೇಡವೋ ನಾವು ನೋಡಬೇಕು:
ನಾನು, ಜರ್ಕಾದ ಹದೀಲ್, ಸೆಬುವಿನಲ್ಲಿ ಇನ್ನೊಬ್ಬ,
ಅವನು ಯಾವಾಗಲೂ ನಿದ್ದೆಯಲ್ಲಿ.

ಇವತ್ತು ನಲವತ್ತೊಂದು.
ಮೊದಲನೆಯದನ್ನು ಯಂತ್ರವೇ ತಡೆದಿದೆ.
ಯಾರೋ ಇಂಗ್ಲಿಷ್ ಅಕ್ಷರದಲ್ಲಿ ಡಬ್ಬದ ಮೇಲೆ
'ಕಸ ಇಲ್ಲಿ ಹಾಕಿ' ಎಂದು ಬರೆದಿದ್ದಾರೆ.
ನಮ್ಮ ಕಸ ಈ ಕಡೆಯ ಕಿವಿಗೆ ಹೇಳಬಾರದ ಮಾತು.
ಹದೀಲ್ ನಕ್ಕಳು, ನಾನೂ. ಬಿಟ್ಟೆವು.

ಪೊಖರಾದ ಹುಡುಗನ ಗೋಪುರ ನೆನಪಾಯಿತು,
ಹೋದ ತಿಂಗಳು ನಾನೇ ತೆಗೆದದ್ದು, ಅರ್ಥವಾಗದೆ,
ಕರಕ್ ಚಹಾ ಆರುತ್ತಿತ್ತು ಅನ್ನುವ ಕಾರಣಕ್ಕೆ.
ಅವನ ಪರವಾಗಿ ನಗುವವರು ಯಾರೂ ಇರಲಿಲ್ಲ.

ಅಂದಿನಿಂದ ಲಾಂಡ್ರಿಯ ಹಳದಿ ಚೀಟಿಯೊಂದನ್ನು
ಪರದೆಗೆ ಅಂಟಿಸಿದ್ದೇನೆ,
ಹೆಸರು ಬರುವ ಜಾಗಕ್ಕೆ ಸರಿಯಾಗಿ.
ಹೆಸರು ಬೇಡ, ಬಾವುಟ ಬೇಡ. ನಂಬರು ಸಾಕು.

ಹದಿನೇಳನೆಯದು ಒಂದು ನದಿ.
ಎಂಥ ನದಿ! ಚೌಕ ಇಟ್ಟಿಗೆಗಳಲ್ಲೇ ಸುಳಿ ತಂದಿದ್ದಾನೆ.
ನೀರು ಮುಟ್ಟಿ ಹೋದ ಮೂರು ಮೆಟ್ಟಿಲಿಗೆ
ಬೇರೆಯೇ ಒಂದು ಹಸಿರು.
ದಡದಲ್ಲಿ ಒಗೆಯುವ ಕಲ್ಲು. ಪಕ್ಕದಲ್ಲಿ ಕತ್ತೆ.
ಕತ್ತೆಯ ಕೊರಳಿಗೆ ಹಲಗೆ,
ಹಲಗೆಯ ಮೇಲೆ ಕನ್ನಡದಲ್ಲಿ ಮೂರು ಪದ.

ಇಲ್ಲಿ ಬರೆಯುವುದಿಲ್ಲ.
ಅಜ್ಜ ಗಂಟು ಹೊತ್ತು ಹಿತ್ತಿಲ ಬಾಗಿಲಿಗೆ ಹೋದಾಗ
ಒಳಗಿನಿಂದ ಮಕ್ಕಳು ಕೂಗುತ್ತಿದ್ದವು ಅವು.

ಚೀಟಿ ಹೆಸರನ್ನು ಮುಚ್ಚುತ್ತದೆ.
ಭಾಷೆಯನ್ನು ಮುಚ್ಚುವಷ್ಟು ಅಗಲವಿಲ್ಲ.

ಬೆರಳು ಆಗಲೇ ಕೆಂಪು ಗುಂಡಿಯ ಮೇಲಿತ್ತು.
ಒತ್ತುವುದು ನಿಯಮವೋ, ನಾನೋ?
ಕೈ ಸುಟ್ಟುಕೊಂಡವನು ಆ ದಿನ ಇಸ್ತ್ರಿ ಮುಟ್ಟಬಾರದು,
ಅಬು ಜಾಸಿಮ್‌ನ ಅಂಗಡಿಯ ಕಟ್ಟಳೆ:
ಮುಲಾಮು ಬಿಳಿ ತೋಬಿಗೆ ಹತ್ತುತ್ತದೆ.

ಹದೀಲಳಿಗೆ ಕಳಿಸಿದೆ: ನೀನು ನೋಡು, ನನಗೆ ತಾಗಿದೆ.
ಅರ್ಥ ಬರೆ, ಎಂದಳು.
ಬರೆದೆ. ಖಾರ ಹೆಚ್ಚಾಯಿತು, ಅಳಿಸಿದೆ.
ಬರೆದೆ. ನನಗೇ ನಾಚಿಕೆಯಾಗುವಷ್ಟು ಸಪ್ಪೆ.
ಮೂರನೆಯ ಸಲ ಪದಕ್ಕೆ ಪದ, ಕೆಳಗೆ
ಯಾರು ಯಾರಿಗೆ ಅನ್ನುತ್ತಿದ್ದರು ಎಂಬ ಒಂದೇ ಸಾಲು.
ಅಜ್ಜನನ್ನು ಸೇರಿಸಲಿಲ್ಲ.

ಹೊರಗೆ ಜೂನಿನ ಸೆಖೆಗೆ ಗಾಜೇ ಬೆವರುತ್ತಿತ್ತು.
ಮೂರೂಕಾಲಿಗೆ ಬಾಂಗು. ಆಮೇಲೆ ಅವಳ ಉತ್ತರ:
ಹಲಗೆ ತೆಗೆ. ನದಿ ಇರಲಿ.
ಕತ್ತೆಯೂ ಇರಲಿ, ಪಾಪ, ಅದೇನು ಮಾಡಿದೆ?
ಕಾರಣ ನೀನೇ ಬರೆ, ಅವನ ಭಾಷೆಯಲ್ಲಿ.

ಪಟ್ಟಿಯಲ್ಲಿ ಆರು ಕಾರಣಗಳಿವೆ.
ಯಾವುದೂ ಹೊಂದಲಿಲ್ಲ. 'ಇತರೆ' ಒತ್ತಿದೆ.
ನೂರಿಪ್ಪತ್ತು ಅಕ್ಷರದ ಜಾಗ.

ಹಲಗೆಯ ಮಾತು ಮನುಷ್ಯರಿಗೆ ನೋಯುತ್ತದೆ, ತೆಗೆದಿದ್ದೇವೆ.
ನದಿ ಬಹಳ ಚೆನ್ನಾಗಿದೆ.
ಒಗೆಯುವ ಕಲ್ಲು ಮಾತ್ರ ಇನ್ನೊಂದು ಗೇಣು ಅಗಲ ಬೇಕು.