ಎರಡು ಅಂಕದ ಪದ

ಸ್ಕ್ಯಾಲೊವೇ ಬಂದರು, ಮೀನಿನ ಕಾರ್ಖಾನೆ.
ಚಹಾಕ್ಕೆ ಹದಿನೈದೇ ನಿಮಿಷ.
ಕೈಗವಸು ಕಳಚಿದರೂ ಬಾಬಿಯ ಬೆರಳಲ್ಲಿ
ಬಂಗುಡೆಯ ಹೊಳಪು.
ಓಸ್ಲಾ ಹಲಗೆಯ ಮೇಲೆ ಎರಡೇ ಬಿಲ್ಲೆ ಇಟ್ಟಳು:
ಓ, ಇ.

"ಇದು ಪದವೋ, ಆಕಳಿಕೆಯೋ?"

ಮೊನ್ನೆ ಮೂರುಗುರಿನ ಸೋಮಾರಿ ಪ್ರಾಣಿಯೊಂದನ್ನು
ಎರಡಕ್ಷರಕ್ಕೆ ನೇತುಹಾಕಿ ಗೆದ್ದವಳು ಇವಳು.
ನಂಬುವುದು ಹೇಗೆ?

ಅಂಚು ಸುರುಟಿದ ನಿಘಂಟು ತೆರೆದರು.
ಫಾರೋ ದ್ವೀಪಗಳ ಕಡಲ ಸುಂಟರಗಾಳಿ, ಎಂದಿತ್ತು.
ಅದರ ಕೆಳಗೇ, ಅದೇ ಉಸಿರಿಗೆ:
ಮೊಮ್ಮಗು.

ಓಸ್ಲಾ ನಗಲಿಲ್ಲ.
ಅವಳ ಎರ್ಟಿ ಹೋದದ್ದೂ ಫಾರೋ ಕಡೆಗೇ,
ಹತ್ತೊಂಬತ್ತರ ಹುಡುಗ, ಹೊಸ ಬೂಟು.
ರಾತ್ರಿಯಿಂದ ರೇಡಿಯೋ ಕರೆದರೆ
ಓಗೊಟ್ಟಿಲ್ಲ ದೋಣಿ.

"ಎರಡು ಅಂಕ," ಬರೆದುಕೊಂಡಳು ಬಾಬಿ.
ಅವಳ ಸಾಲಲ್ಲಿ ಉದ್ದದ ಪದವೊಂದು ಸಿದ್ಧವಿತ್ತು,
ಆಟ ಮುಗಿಸುವಂಥದ್ದು.
ಅದನ್ನು ಬಿಟ್ಟು
ಓ ಮುಂದೆ ಒಂದು ವಿ ಸರಿಸಿದಳು,
ದೋಣಿಯನ್ನು ದಡಕ್ಕೆ ತಾಗಿಸುವ ಹಾಗೆ.

ಈ ಪದಕ್ಕೆ ಇಲ್ಲಿ ಯಾರೂ ನಿಘಂಟು ತೆರೆಯುವುದಿಲ್ಲ.
ಶೆಟ್ಲೆಂಡಿನ ಕಿರುಗೊಲ್ಲಿ ಅದು,
ಗಾಳಿ ಹೊರಗೇ ನಿಲ್ಲುವ ನೀರು.

ಸೈರನ್ ಕೂಗಿತು.
ಕೈಗವಸು ತೊಡುತ್ತ ಓಸ್ಲಾ ಅಂದಳು:
ಹಲಗೆ ಮಡಚಬೇಡ.