ಕಾರಣದ ಕಾಲಂ

ಕೆಂಪು ರಟ್ಟಿನ ಈ ಪುಸ್ತಕ
ರವಿಕೆಯ ಅಳತೆ ಬರೆಯಲೆಂದು ತಂದದ್ದು.
ಮೊದಲ ನಾಲ್ಕು ಹಾಳೆಗಳಲ್ಲಿ ಈಗಲೂ
ಯಾರದೋ ತೋಳು, ಯಾರದೋ ಕುತ್ತಿಗೆ, ಇಂಚುಗಳಲ್ಲಿ.
ಐದನೆಯದರಿಂದ ಬೆಂಕಿ.

ಅರವತ್ತೊಂದರ ಶಿವರಾತ್ರಿ ಕಳೆದ ವಾರ
ಸಾಮಿಲ್ಲು ಹೊತ್ತಿಕೊಂಡು ಎರಡು ದಿನ ಉರಿಯಿತಂತೆ.
ಶಿವಮೊಗ್ಗದಿಂದ ಗಾಡಿ ಬಂತು, ಗಂಟೆ ಬಾರಿಸುತ್ತಲೇ ಬಂತು,
ಬೂದಿಗೆ ನೀರು ಹಾಕಿ, ಚಾ ಕುಡಿದು, ಸಹಿ ಪಡೆದು ಹೋಯಿತು.
ಆವತ್ತೇ ಸಂಜೆ ಆನಂದಪುರದ ಹನ್ನೊಂದು ಮಂದಿ
ಅಪ್ಪನ ಅಂಗಡಿ ಕಟ್ಟೆಯ ಮೇಲೆ ಕೂತು
ತಮಗೆ ತಾವೇ ಬೆಂಕಿ ಕಂಪನಿ ಅಂತ ಹೆಸರಿಟ್ಟುಕೊಂಡರು.

ಗ್ಯಾಂಗ್‌ಮನ್ ಪೆರುಮಾಳ್ ಎರಡು ಮೊಳ ಹಳಿಯ ತುಂಡು ತಂದ;
ಎಲ್ಲಿಂದ ಅಂತ ಯಾರೂ ಕೇಳಲಿಲ್ಲ.
ಸರಪಳಿ ಬಿಗಿದು ಹೆಬ್ಬಲಸಿನ ಕೊಂಬೆಗೆ ನೇತುಹಾಕಿದರು.
ಲೋಬೊ ಮಾಸ್ತರರು ಎಸ್ಟೇಟಿನ ಹರಾಜಿನಲ್ಲಿ
ಔಷಧಿ ಹೊಡೆಯುವ ಪಂಪು ಹಿಡಿದರು, ನಲವತ್ತು ರೂಪಾಯಿ.
ಪೈಪು? ಅಪ್ಪ ಲಾರಿ ಟಾರ್ಪಾಲು ಹರಿದು
ಮಿಷನ್ನಿನಲ್ಲಿ ಹೊಲಿದ, ಎಪ್ಪತ್ತು ಅಡಿ, ಜೋಡಿ ಹೊಲಿಗೆ.
ಮೊದಲ ದಿನ ನೀರು ಬಿಟ್ಟಾಗ
ಸೂಜಿಯ ಒಂದೊಂದು ತೂತಿನಿಂದಲೂ ಚಿಮ್ಮಿ,
ಕಾರಂಜಿ ನೋಡಿದ ಹಾಗೆ ಪೇಟೆ ಚಪ್ಪಾಳೆ ತಟ್ಟಿತಂತೆ.
ಆಮೇಲೆ ಹಲಸಿನ ಮೇಣ ಬಳಿದರು. ನಿಂತಿತು, ಮುಕ್ಕಾಲು ಪಾಲು.

ತಾರೀಖು, ಜಾಗ, ನಷ್ಟ, ಕಾರಣ:
ಸ್ಕೇಲಿಟ್ಟು ಎಳೆದ ನಾಲ್ಕು ಕಾಲಂ.
ಹುಲ್ಲುಗೊಣಬೆ, ಕೆರೆಕೇರಿ: ಬೀಡಿ.
ಹೋಟೆಲಿನ ಸೂರು: ಒಲೆಯ ಕಿಡಿ.
ಮಡಿವಾಳರ ಹುಚ್ಚಮ್ಮನ ಗುಡಿಸಲು: ಇಸ್ತ್ರಿ ಕೆಂಡ.
(ಮರುವರ್ಷದಿಂದ ಕೊಡಪಾನದ ಸಾಲಿಗೆ ಅವಳೇ ಮುಂದು.
ಹೆಸರು ಬರೆದಿಲ್ಲ, "ಹೆಂಗಸರು" ಅಂತ ಇದೆ.)
ಒಂದು ಕಡೆ: ಗಂಡ ಹೆಂಡತಿ ಜಗಳ.

ಮಿಷನ್ನಿನ ಮುಂದೆ ಅಪ್ಪ ಯಾವಾಗಲೂ ಬಗ್ಗಿಯೇ ಇದ್ದ,
ಮಾತಾಡಿಸಿದರೆ ಬಾಯಲ್ಲಿ ಗುಂಡುಪಿನ್ನು.
ಹಳಿ ಢಣ್ ಅಂದರೆ ಸಾಕು,
ಎದ್ದು ನಿಲ್ಲುತ್ತಿದ್ದ.
ಅಷ್ಟೆತ್ತರದ ಮನುಷ್ಯ ಅಂತ ಆಗಲೇ ಗೊತ್ತಾಗುತ್ತಿತ್ತು.
ಕತ್ತರಿ ಎಲ್ಲೋ, ಟೇಪು ಕೊರಳಲ್ಲೇ,
ಓಡುತ್ತ ಒಮ್ಮೆ ತಿರುಗಿ ನನ್ನ ನೋಡಿ ನಗುತ್ತಿದ್ದ.

ಎಪ್ಪತ್ಮೂರು, ಮಾರ್ಚಿ ಇಪ್ಪತ್ತು.
ಬಾಳಿಗರ ಗೋಣಿಚೀಲದ ಗೋದಾಮು.
ನಷ್ಟ: ಎಂಟುನೂರು ಚೀಲ, ಒಂದು ಬಾಗಿಲು,
ಸಾಮಿಲ್ಲಿನ ಮಮ್ಮುಂಞಿಯ ಬಲಗೈ, ಮೊಣಕೈವರೆಗೆ.
ಕಾರಣ: ಗಾಳಿ.

ಅರವತ್ತನಾಲ್ಕು ಬೆಂಕಿಗಳಲ್ಲಿ
ಗಾಳಿ ಹಚ್ಚಿದ್ದು ಇದೊಂದೇ.
ಗಾಳಿ ಬೆಂಕಿಯನ್ನು ಬೆಳೆಸೀತು, ಹೆರಲಾರದು;
ಅಪ್ಪನಿಗೆ ಗೊತ್ತಿತ್ತು.
ಆ ರಾತ್ರಿ ನನ್ನ ಲಂಗದ ಅಂಚಿನಲ್ಲಿ ಸುಟ್ಟಿದ್ದಷ್ಟನ್ನು ಕತ್ತರಿಸಿ
ಅದೇ ಬಣ್ಣದ ತುಂಡು ಹುಡುಕಿ, ಕೂರಿಸಿ ಹೊಲಿದ.
ಬಗ್ಗಿಕೊಂಡೇ. ಏನೂ ಕೇಳಲಿಲ್ಲ.
ಮಮ್ಮುಂಞಿ ಅದೇ ಕೈಯಲ್ಲಿ ಎಷ್ಟೋ ವರ್ಷ
ನನಗೆ ಪೆಪ್ಪರಮೆಂಟು ಕೊಟ್ಟರು. ಆ ಚರ್ಮ
ಒದ್ದೆ ಕಾಗದದ ಹಾಗೆ ಮಿನುಗುತ್ತಿತ್ತು.
ತಿಂದೆ. ಎಲ್ಲ ತಿಂದೆ.

ಈಗ ಸರ್ಕಾರದ ಗಾಡಿ ಫೋನು ಮಾಡಿದರೆ ಬರುತ್ತದೆ.
ಹನ್ನೊಂದು ಮಂದಿಯಲ್ಲಿ ಒಬ್ಬರೂ ಉಳಿದಿಲ್ಲ.
ಅಂಗಡಿ ನನ್ನದು, ಪುಸ್ತಕ ನನ್ನ ತೊಡೆಯ ಮೇಲೆ,
ಬೆನ್ನೂ ಅಪ್ಪನದೇ.
ಇದ್ದಬದ್ದ ಸಾಮಾನು ಬರೆದು ಲೆಕ್ಕ ಮುಗಿಸಿಕೊಡಿ
ಅಂದಿದ್ದಾರೆ ಪಂಚಾಯ್ತಿಯವರು.
ಪಂಪು ಒಂದು, ತುಕ್ಕು. ಬಕೆಟ್ಟು ಹದಿನಾರು, ಎರಡು ಸೋರುತ್ತವೆ.
ಏಣಿ ಯಾರದೋ ಮದುವೆ ಚಪ್ಪರಕ್ಕೆ ಹೋದದ್ದು ಬಂದಿಲ್ಲ.
ಹಳಿ ಇದೆ, ಇಳಿಸುವ ಹಾಗಿಲ್ಲ:
ಸರಪಳಿಯನ್ನು ಮರ ನುಂಗಿದೆ.

ಆಮೇಲೆ ಎಪ್ಪತ್ಮೂರರ ಹಾಳೆಗೆ ಬಂದೆ.
ಅಪ್ಪನ ಅಕ್ಷರ ಹೊಡೆದುಹಾಕಲಿಲ್ಲ.
ಪಕ್ಕದಲ್ಲಿ, ಗೆರೆ ದಾಟದಂತೆ, ಸಣ್ಣಗೆ ಬರೆದೆ:
ಗಾಳಿಗೆ ಆಗ ಒಂಬತ್ತು ವರ್ಷ, ಎರಡು ಜಡೆ.
ಮೂರು ತಿಂಗಳಿಂದ ಹಳಿ ಸುಮ್ಮನಿತ್ತು.